ಡೇನಿಷ್ ಹಲ್ಲಿನ ಬೇರು ಹುಡುಕುವುದು ಹೇಗೆ?

ಹಂತ 1: ಪದ ಆರಿಸಿ
ಹೊಸಬರು ಮೈಯ ಅಂಗ, ನಂಟು, ಎಣಿಕೆಯ ಪದಗಳಿಂದ ಶುರುಮಾಡುವುದು ಒಳ್ಳೆಯದು. ಇಂಥವನ್ನು ಜನ ಬೇರೆ ಭಾಷೆಯಿಂದ ಕಡ ತರುವುದು ಕಡಿಮೆ. ನಾವು ಹಲ್ಲನ್ನೇ ಹಿಡಿಯೋಣ. ಡೇನಿಷರು ಅದನ್ನು 'ಟಾಂಡ್' ಎಂದು ಬರೆದು, ಹೆಚ್ಚುಕಡಿಮೆ 'ಟ್ಯಾನ್' ಎನ್ನುತ್ತಾರೆ.

ಹಂತ 2: ನಿಘಂಟು ತೆರೆಯಿರಿ
1956ರ ಹೊತ್ತಿಗೆ 28 ಸಂಪುಟಗಳಲ್ಲಿ ಬಂದ ಡೇನಿಷ್ ಮಹಾನಿಘಂಟು ಈಗ ಅಂತರ್ಜಾಲದಲ್ಲಿ ಉಚಿತ. ನಮೂದಿನ ಆರಂಭದಲ್ಲೇ ಪದದ ಹಿಂದಿನ ರೂಪಗಳಿರುತ್ತವೆ. ಸಂಕ್ಷೇಪಗಳ ಪಟ್ಟಿ ಪಕ್ಕದಲ್ಲಿರಲಿ, ಇಲ್ಲದಿದ್ದರೆ ತಲೆಬುಡ ತಿಳಿಯದು.

ಹಂತ 3: ದಾಯಾದಿಗಳನ್ನು ಕೂಡಿಸಿ
ಬರವಣಿಗೆಯನ್ನು ಮಾತ್ರ ನಂಬಬೇಡಿ. ಗಂಡಸು ಎಂಬರ್ಥದ 'ಮಾಂಡ್'ನಲ್ಲೂ ಡೇನಿಷರು 'ಡ್' ಬರೆಯುತ್ತಾರೆ, ಆದರೆ ಆ ಪದದ ಮೂಲದಲ್ಲಿ ಅದು ಇರಲೇ ಇಲ್ಲ! ಹಾಗಾದರೆ ಹಲ್ಲಿನ 'ಡ್' ನಿಜವೇ? ಹಳೆಯ ನಾರ್ಸ್‌ನ 'ತೊನ್ನ್' ಏನೂ ಹೇಳುವುದಿಲ್ಲ, ಅಲ್ಲಿ ಎರಡು ನಕಾರಗಳಷ್ಟೇ. ಸಾಕ್ಷಿ ಸಿಗುವುದು ದಾಯಾದಿ ಭಾಷೆಯಾದ ಗಾಥಿಕ್‌ನ 'ತುನ್‌ಥುಸ್'ನಲ್ಲಿ: ನಕಾರದ ಹಿಂದೆ 'ಥ್' ಇತ್ತು. ನಾರ್ಸ್‌ನಲ್ಲಿ ಅದು ನಕಾರದೊಳಗೆ ಕರಗಿತು. ಇಂಗ್ಲಿಷಿನ 'ಟೂತ್'ನಲ್ಲಿ 'ಥ್' ಉಳಿದು, ನಕಾರವೇ ಬಿದ್ದುಹೋಯಿತು.

ಹಂತ 4: ಧ್ವನಿ ತಾಳೆ ನೋಡಿ
ಈಗ ಲ್ಯಾಟಿನ್ ಹಲ್ಲಿನ 'ದೆಂತ್-' ಅಂಗವನ್ನೂ ಸಂಸ್ಕೃತದ 'ದಂತ'ವನ್ನೂ ಪಕ್ಕದಲ್ಲಿಡಿ. ಅಲ್ಲಿ 'ದ', ಇಲ್ಲಿ 'ಟ'. ಒಂದು ಜೋಡಿ ಕಾಕತಾಳೀಯ ಇರಬಹುದು, ಸಾಲು ಬೇಕು. ಸಂಸ್ಕೃತದ ದ್ವಿ, ದಶಗಳಿಗೆ ಡೇನಿಷ್‌ನಲ್ಲಿ 'ಟೊ', 'ಟಿ'. ಸಾಲು ಸಿಕ್ಕಿತು. ಲ್ಯಾಟಿನ್, ಗ್ರೀಕ್‌ಗಳೊಡನೆ ಇಂಥ ಸಾಲುಗಳನ್ನು 1818ರಲ್ಲೇ ಮುದ್ರಿಸಿದವನು ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್. ಆದರೂ ಈ ಸಾಲುಗಳ ನಿಯಮಕ್ಕೆ ಅಂಟಿದ್ದು ಜರ್ಮನಿಯ ಗ್ರಿಮ್‌ನ ಹೆಸರು. ನನಗಂತೂ ಇದು ಅನ್ಯಾಯವೆನಿಸುತ್ತದೆ.

ಹಂತ 5: ಕಡದ ಪದಗಳನ್ನು ಬೇರ್ಪಡಿಸಿ
ಡೇನಿಷ್‌ನಲ್ಲಿ 'ದೆಂಟಾಲ್' ಕೂಡ ಇದೆ. ದಕಾರ ಬದಲಾಗದೆ ಉಳಿದಿರುವುದೇ ಅದು ಲ್ಯಾಟಿನ್‌ನಿಂದ ತಡವಾಗಿ ಬಂದದ್ದೆಂಬ ಗುರುತು. ನಮ್ಮ 'ದಂತವೈದ್ಯ'ರ ದಂತವೂ ಕಡವೇ, ಸಂಸ್ಕೃತದಿಂದ ಬಂದದ್ದು. 'ಹಲ್ಲು' ಮಾತ್ರ ಹಳಗನ್ನಡದ 'ಪಲ್', ದ್ರಾವಿಡ ಮನೆಯದು. ಅದಕ್ಕೂ 'ಟ್ಯಾನ್'ಗೂ ನಂಟಿಲ್ಲ.

ಹಂತ 6: ನೀವೇ ಒಂದು ಮಾಡಿ
ಕಾಲಿನ ಪಾದಕ್ಕೆ ಡೇನಿಷ್‌ನಲ್ಲಿ 'ಫೋಡ್'. ಸಂಸ್ಕೃತದ 'ಪಾದ'ದೊಡನೆ ಹೋಲಿಸಿ. ಪಕಾರ ಫಕಾರವಾದದ್ದು ಸುಲಭವಾಗಿ ಕಾಣುತ್ತದೆ. 'ದ' ಮಾತ್ರ ಬದಲಾಗದೆ ಉಳಿದಂತೆ ತೋರಿ ಮೋಸಮಾಡುತ್ತದೆ. ಹಳೆಯ ನಾರ್ಸ್‌ನ 'ಫೋತ್ರ್' ನೋಡಿ: ಅದು ಮೊದಲು 'ತ' ಆಗಿ, ಆಮೇಲೆ ಡೆನ್ಮಾರ್ಕಿನಲ್ಲಿ ಸ್ವರದ ಹಿಂದೆ ಮೆತ್ತಗಾಗಿ ಮತ್ತೆ 'ಡ್' ಆಗಿದೆ.