ಅಮ್ಮ ಸೇದಿದವರಲ್ಲ, ಮತ್ತೆ ಈ ಕಾಯಿಲೆ ಯಾಕೆ?

ಪ್ರಶ್ನೆ: ನನ್ನ ಅಮ್ಮನಿಗೆ 56 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಅವರಿಗೆ ಶ್ವಾಸಕೋಶದ ಕ್ಯಾನ್ಸರ್, ಹರಡಿದೆ ಎಂದಿದ್ದಾರೆ. ರಿಪೋರ್ಟಿನಲ್ಲಿ ‘ಇಜಿಎಫ್‌ಆರ್ ಮ್ಯುಟೇಶನ್ ಪಾಸಿಟಿವ್’ ಎಂದಿದೆ. ಮೂವತ್ತು ವರ್ಷ ಮನೆಯೊಳಗೇ ಸೇದಿದ ಅಪ್ಪ ಈಗ ಬಿಟ್ಟಿದ್ದಾರೆ. ‘ನನ್ನ ಹೊಗೆಯಿಂದಲೇ ಹೀಗಾಯಿತು’ ಎಂದು ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ಅಣ್ಣನದು ಬೇರೆಯೇ ವಾದ: ‘ಸೇದದವರಿಗೂ ಬರುತ್ತೆ ಅಂದಮೇಲೆ ಬಿಟ್ಟು ಏನು ಪ್ರಯೋಜನ?’ ಜೀನ್ ದೋಷ ಅಂದರೆ ನನಗೂ ನನ್ನ ಮಗಳಿಗೂ ಬರುತ್ತದೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಕೊನೆಗೆ ಕೇಳಿದ್ದೇ ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ ಅನ್ನಿಸುತ್ತದೆ. ಅದನ್ನೇ ಮೊದಲು ಹೇಳುತ್ತೇನೆ. ಅಮ್ಮನ ರಿಪೋರ್ಟಿನಲ್ಲಿರುವ ಬದಲಾವಣೆ ಸಾಮಾನ್ಯವಾಗಿ ಹುಟ್ಟಿನಿಂದ ಬಂದದ್ದಲ್ಲ. ಬದುಕಿನ ಯಾವುದೋ ಹಂತದಲ್ಲಿ ಶ್ವಾಸಕೋಶದ ಒಂದು ಜೀವಕೋಶದಲ್ಲಿ ಆದದ್ದು. ಗೆಡ್ಡೆಯಲ್ಲಿದೆ, ಅವರು ನಿಮಗೆ ಕೊಟ್ಟ ರಕ್ತದಲ್ಲಿಲ್ಲ. ಇದು ವಂಶದಲ್ಲೇ ಇಳಿದು ಬರುವ ಕುಟುಂಬಗಳು ತೀರಾ ವಿರಳ. ಅಂಥ ಅನುಮಾನವಿದ್ದರೆ ಡಾಕ್ಟರೇ ಹೇಳುತ್ತಾರೆ. ಮಗುವಿಗೆ ಪರೀಕ್ಷೆ ಮಾಡಿಸಲು ಓಡಾಡಬೇಡಿ.

ಇಜಿಎಫ್‌ಆರ್ ಎಂಬುದು ಜೀವಕೋಶಕ್ಕೆ ‘ಬೆಳೆ’ ಎಂದು ಸೂಚನೆ ಕೊಡುವ ಪ್ರೋಟೀನು. ಅದರ ಜೀನ್ ಕೆಟ್ಟರೆ ಆ ಸೂಚನೆ ನಿಲ್ಲುವುದೇ ಇಲ್ಲ. ಗೆಫಿಟಿನಿಬ್ ಎಂಬ ಮಾತ್ರೆ ಕೆಲವರಿಗಷ್ಟೇ ಅಚ್ಚರಿಯ ಗುಣ ಕೊಡುತ್ತಿದ್ದುದಕ್ಕೆ ಈ ಬದಲಾವಣೆಯೇ ಕಾರಣ ಎಂದು 2004ರಲ್ಲಿ ಅಮೆರಿಕದ ವೈದ್ಯರು ಕಂಡುಕೊಂಡರು. ಅಂಥವರಲ್ಲಿ ಸೇದದವರು, ಹೆಂಗಸರು, ಏಷ್ಯಾದವರೇ ಹೆಚ್ಚು. ಈಗ ಒಸಿಮರ್ಟಿನಿಬ್‌ನಂಥ ಮುಂದಿನ ತಲೆಮಾರಿನ ಮಾತ್ರೆಗಳೂ ಇವೆ. ಹರಡಿದ ಕಾಯಿಲೆಯನ್ನು ಇವು ಬೇರುಸಹಿತ ಕೀಳುತ್ತವೆ ಎಂದು ನಾನು ಹೇಳಲಾರೆ. ಆದರೆ ಅನೇಕರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಒಳ್ಳೆಯ ದಿನಗಳು ಸಿಗುತ್ತವೆ. ಮಾತ್ರೆಯ ಪ್ರಭಾವ ಕುಗ್ಗಿದಾಗ ಮತ್ತೊಮ್ಮೆ ಜೀನ್ ಪರೀಕ್ಷೆ ಬೇಕೇ ಎಂದು ಕೇಳಲು ಮರೆಯಬೇಡಿ.

ಇನ್ನು ಅಪ್ಪ. ‘ನಿಮ್ಮಿಂದ ಏನೂ ಆಗಿಲ್ಲ’ ಎಂದು ಅವರಿಗೆ ಸುಳ್ಳು ಹೇಳಬೇಡಿ. ಗಂಡ ಸೇದುವ ಮನೆಗಳ ಹೆಂಗಸರಲ್ಲಿ ಈ ಕ್ಯಾನ್ಸರ್ ಹೆಚ್ಚು ಎಂದು ಜಪಾನಿನ ಹಿರಾಯಾಮ 1981ರಲ್ಲೇ ತೋರಿಸಿದ್ದರು. ಆದರೆ ಅಮ್ಮನ ಗೆಡ್ಡೆಗೆ ಅಪ್ಪನೇ ಕಾರಣ ಎಂದು ತೀರ್ಪು ಕೊಡುವ ಪರೀಕ್ಷೆ ಯಾವುದೂ ಇಲ್ಲ. ಸೇದುವವರ ಕೋಶಗಳಲ್ಲಿ ಹೊಗೆಯ ಬೆಂಜೊಪೈರೀನ್ ಡಿಎನ್ಎಗೆ ಅಂಟಿ, ತನ್ನದೇ ರೀತಿಯ ಗುರುತು ಬಿಡುತ್ತದೆ. ಕೆಆರ್‌ಎಎಸ್, ಟಿಪಿ53 ಜೀನ್‌ಗಳು ಕೆಡುವುದು ಅವರಲ್ಲೇ ಹೆಚ್ಚು. ಸೇದದವರ ಗೆಡ್ಡೆಗಳಲ್ಲಿ ಆ ಗುರುತು ಸಾಮಾನ್ಯವಾಗಿ ಕಾಣುವುದಿಲ್ಲ. ಇಜಿಎಫ್‌ಆರ್ ಕೆಟ್ಟ ಕೋಶಗಳು ಆರೋಗ್ಯವಂತರ ಶ್ವಾಸಕೋಶದಲ್ಲೂ ಸುಮ್ಮನೆ ಇರಬಲ್ಲವು, ಗಾಳಿಯಲ್ಲಿನ ಸೂಕ್ಷ್ಮ ಧೂಳು ಉರಿಯೂತ ತಂದು ಅವನ್ನು ಎಬ್ಬಿಸಬಲ್ಲದು ಎಂದು ಲಂಡನ್ನಿನ ವಿಜ್ಞಾನಿಗಳು 2023ರಲ್ಲಿ ತೋರಿಸಿದರು. ವಯಸ್ಸು, ಒಲೆಯ ಹೊಗೆ, ರಸ್ತೆಯ ಧೂಳು, ಮನೆಯ ಸಿಗರೇಟು: ಯಾವುದರ ಪಾಲು ಎಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಅಪ್ಪನಿಗೆ ಇಷ್ಟನ್ನೇ ಹೇಳಿ. ಅಮ್ಮನ ಮಾತ್ರೆಯ ಹೊತ್ತು ನೋಡಿಕೊಳ್ಳುವ ಕೆಲಸ ಅವರದಾಗಲಿ, ಆಸ್ಪತ್ರೆಗೂ ಅವರೇ ಜೊತೆ ಹೋಗಲಿ. ತಪ್ಪಿತಸ್ಥನ ಹಾಗೆ ಮೂಲೆ ಸೇರಿರುವ ಗಂಡನಿಗಿಂತ ಪಕ್ಕದಲ್ಲಿ ಕೂರುವ ಗಂಡ ಅಮ್ಮನಿಗೆ ಈಗ ಬೇಕು. ಮೂವತ್ತು ವರ್ಷ ಸೇದಿದವರಾದ್ದರಿಂದ, ಅವರಿಗೂ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ.

ಅಣ್ಣನ ವಾದ ನನಗೆ ಸಿಟ್ಟು ತರಿಸುತ್ತದೆ. ಅಮ್ಮನ ಕಾಯಿಲೆಯನ್ನು ತನ್ನ ಚಟಕ್ಕೆ ಸಬೂಬು ಮಾಡಿಕೊಂಡಿದ್ದಾರೆ. ದಿನಕ್ಕೊಂದು ಪ್ಯಾಕ್ ಸೇದಿದರೆ ಶ್ವಾಸಕೋಶದ ಪ್ರತಿ ಕೋಶದಲ್ಲೂ ವರ್ಷಕ್ಕೆ ಸುಮಾರು 150 ಹೊಸ ಬದಲಾವಣೆಗಳಾಗುತ್ತವೆ ಎಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸೇದುವವರಲ್ಲಿ ಹೆಚ್ಚಾಗಿ ಕೆಡುವ ಕೆಆರ್‌ಎಎಸ್‌ಗೆ ಗುರಿಯಿಟ್ಟ ಮೊದಲ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2021ರಲ್ಲಿ, ಅದೂ ಒಂದು ಬಗೆಯ ಬದಲಾವಣೆಗೆ ಮಾತ್ರ. ಬಿಟ್ಟರೆ ಪ್ರಯೋಜನವೇ ಅಂದರಲ್ಲ, ಇದೆ. ಬಿಟ್ಟವರ ಶ್ವಾಸನಾಳದಲ್ಲಿ, ಎಂದೂ ಸೇದದವರಷ್ಟೇ ಚೊಕ್ಕವಾದ ಕೋಶಗಳು ಇನ್ನೂ ಸೇದುತ್ತಿರುವವರಿಗಿಂತ ನಾಲ್ಕು ಪಟ್ಟು ಹೆಚ್ಚು ಎಂದು 2020ರಲ್ಲಿ ಗೊತ್ತಾಗಿದೆ. ಬಿಡಲು ಸಹಾಯ ಬೇಕಾದರೆ 1800-11-2356ಕ್ಕೆ ಕರೆ ಮಾಡಲಿ, ಅದು ಸರ್ಕಾರದ ಉಚಿತ ಸಹಾಯವಾಣಿ. ಅಲ್ಲಿಯವರೆಗೆ ಅಮ್ಮ ಇರುವ ಮನೆಯೊಳಗೆ ಒಂದು ಸಿಗರೇಟೂ ಹೊತ್ತಬಾರದು. ಈ ಮಾತನ್ನು ನೀವೇ ಗಟ್ಟಿಯಾಗಿ ಹೇಳಿ.