ಗುಡ್ಡಕ್ಕೆ ಹೊರಟವರ ಚೂರಿ

ಪೆನುಕೊಂಡ, ರತ್ನಗಿರಿ, ಮಧುಗಿರಿ, ಕುಂದುರ್ಪಿ. ಹಿಂದೂಪುರದಲ್ಲಿ ಕೂತವರಿಗೆ ಈ ದುರ್ಗಗಳೆಲ್ಲ ಬೆಳಗ್ಗೆ ಹೊರಟರೆ ಮುಟ್ಟುವಷ್ಟು ಹತ್ತಿರ. ಶನಿವಾರ ಸಂಜೆ ಬಂದು ಗುಡ್ಡದ ಬುಡದಲ್ಲಿ ಬಿಡಾರ ಹೂಡುವ ಹುಡುಗರು ಈಚೆಗೆ ಹೆಚ್ಚಾಗಿದ್ದಾರೆ. ಅವರಿಗೆ ದಾರಿ ತೋರಿಸುವುದು, ಸಾಮಾನು ಹೊಂದಿಸಿಕೊಡುವುದು ನನ್ನ ಕೆಲಸ. ಹಾಗಾಗಿ ಬ್ಯಾಗುಗಳಿಂದ ಹೊರಬೀಳುವ ಚೂರಿಗಳನ್ನೆಲ್ಲ ನೋಡುತ್ತಿರುತ್ತೇನೆ. ಬೆನ್ನ ತುಂಬ ಗರಗಸದ ಹಲ್ಲು, ಒಳಗೆ ಟೊಳ್ಳಾದ ಹಿಡಿ, ಹಿಡಿಯ ತುದಿಗೊಂದು ದಿಕ್ಸೂಚಿ. ಫೋಟೊಗೆ ಚೆನ್ನ. ಒಣ ಜಾಲಿ ಕೊಂಬೆಯ ಮುಂದೆ ಇಟ್ಟರೆ ಅದರ ಬಣ್ಣ ಬಯಲಾಗುತ್ತದೆ. ಮಡಚುವ ಚಾಕುವಿನ ವಿಷಯ ಇಲ್ಲಿ ಬೇಡ. ಸೊಂಟದಲ್ಲಿ ಒರೆಯೊಳಗೆ ಕೂರುವ, ಮಡಚದ ಗಟ್ಟಿ ಚೂರಿಯದಷ್ಟೇ ಮಾತು.

1. ಮೊದಲು ಕೆಲಸ ಹೇಳಿ

ಕಲ್ಯಾಣದುರ್ಗದ ಕಡೆ ನನಗೆ ಬಳಕೆಯ ಹಿರಿಯ ಕಮ್ಮಾರರೊಬ್ಬರಿದ್ದಾರೆ. ಮನೆಯಲ್ಲಿ ತೆಲುಗು, ಕುಲುಮೆಯ ಮುಂದೆ ಬಂದವರ ಮಾತು ಯಾವುದೋ ಅದು. ಚೂರಿ ಬೇಕು ಅಂದರೆ ಅಳತೆ ಕೇಳುವುದಿಲ್ಲ. "ಯಾತಕ್ಕಪ್ಪಾ? ಕಾಯಿ ಸುಲಿಯಾಕಾ, ಕುರಿ ಕೊಯ್ಯಾಕಾ, ಸೌದೆ ಸೀಳಾಕಾ?" ಅಂತಾರೆ. ಅಂಗಡಿಯಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ನಾವೇ ಕೇಳಿಕೊಳ್ಳಬೇಕು.

ನಮ್ಮ ಗುಡ್ಡಗಳಲ್ಲಿ ಬಿಡಾರದ ಕೆಲಸ ಇಷ್ಟು: ಬಿದ್ದ ಬಳ್ಳಾರಿ ಜಾಲಿಯ ಮುಳ್ಳು ಸವರಿ ತುಂಡು ಮಾಡುವುದು, ಒಲೆಗೆ ಪುಳ್ಳೆ ಸೀಳುವುದು, ಡೇರೆಯ ಗೂಟ ಚೂಪು ಮಾಡುವುದು, ಹಗ್ಗ ಕೊಯ್ಯುವುದು, ಈರುಳ್ಳಿ ಹೆಚ್ಚುವುದು. ಕೊಕ್ಕಿನಂತೆ ಬಾಗಿದ ಮಲೆನಾಡಿನ ಕತ್ತಿ ಬಳ್ಳಿಯನ್ನು ಎಳೆದು ಕತ್ತರಿಸಲು ಬಂದದ್ದು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಾಣುವ ಅನಂತಪುರ ಸೀಮೆಯಲ್ಲಿ ಎಳೆಯುವುದಕ್ಕೆ ಬಳ್ಳಿಯೇ ಇಲ್ಲ. ಇಲ್ಲಿರುವುದು ಒಣಗಿ ಕಲ್ಲಾದ ಜಾಲಿ, ತುಗ್ಗಲಿ, ಸೀತಾಫಲದ ಪೊದೆ, ಎಲ್ಲೆಲ್ಲೂ ಬಂಡೆ. ನೇರ ಬೆನ್ನು, ಸ್ವಲ್ಪ ಹೊಟ್ಟೆ ಬಂದ ಬಾಯಿ, ತೀರಾ ಸೂಜಿಯಾಗದ ಮೊನೆ ಇದ್ದರೆ ಈ ನೆಲಕ್ಕೆ ಸಾಕು.

2. ಉದ್ದದ ಆಸೆ ಬಿಡಿ

ಅಲಗು ನಾಲ್ಕೂವರೆಯಿಂದ ಆರು ಇಂಚು. ಅದಕ್ಕಿಂತ ಮೇಲೆ ಹೋದರೆ ಅದು ಮಚ್ಚು. ಮಚ್ಚಿನ ಕೆಲಸ ಬೇರೆ, ತೂಕ ಬೇರೆ. ಸೌದೆ ಸೀಳಲು ಬೀಸಬೇಕಾಗಿಲ್ಲ. ತುಂಡನ್ನು ನಿಲ್ಲಿಸಿ, ಚೂರಿಯ ಬಾಯನ್ನು ಅದರ ತಲೆಯ ಮೇಲಿಟ್ಟು, ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಬಡಿದರೆ ಮಣಿಕಟ್ಟು ಗಾತ್ರದ ತುಂಡು ಸೀಳುತ್ತದೆ. ಗಂಟು ಇರುವ ತುಂಡನ್ನು ಮಾತ್ರ ಬಿಟ್ಟುಬಿಡಿ.

ಇನ್ನೊಂದು ಕಾರಣವೂ ಇದೆ. ಇದು ರಾಯಲಸೀಮೆ. ಫ್ಯಾಕ್ಷನ್ ಸಿನಿಮಾ ನೋಡಿ ಬೆಳೆದ ಊರುಗಳಲ್ಲಿ ಸೊಂಟಕ್ಕೆ ಉದ್ದನೆಯ ಅಲಗು ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಇಳಿದವನನ್ನು ಯಾರೂ ಚಾರಣಿಗ ಅಂದುಕೊಳ್ಳುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದ ಸಲಕರಣೆ ಅದರಿಂದ ಹೊರಗೆ. ರೈತನ ಕೈಯ ಮಚ್ಚಿಗೆ ಇರುವ ಸಮಜಾಯಿಷಿ ನಿಮ್ಮ ಕೈಯ ಮಚ್ಚಿಗೆ ಇರುವುದಿಲ್ಲ. ಆರು ಇಂಚಿನ ಒಳಗಿದ್ದರೆ ನಿಮಗೂ ನೆಮ್ಮದಿ, ಚೆಕ್‌ಪೋಸ್ಟಿನವರಿಗೂ ನೆಮ್ಮದಿ.

3. ದಪ್ಪ ಬೆನ್ನಲ್ಲಿರಲಿ, ಬಾಯಲ್ಲಿ ಬೇಡ

ಬೆನ್ನು 4 ಮಿ.ಮೀ. ಸುಮಾರು ಇದ್ದರೆ ಬಡಿತ ತಡೆಯುತ್ತದೆ. ಆನ್‌ಲೈನಿನಲ್ಲಿ 6 ಮಿ.ಮೀ. ದಪ್ಪದವನ್ನು 'ಮುರಿಯುವುದೇ ಇಲ್ಲ' ಅಂತ ಮಾರುತ್ತಾರೆ. ನಿಜ, ಮುರಿಯುವುದಿಲ್ಲ, ಜೊತೆಗೆ ಟೊಮ್ಯಾಟೊವನ್ನೂ ಕೊಯ್ಯುವುದಿಲ್ಲ, ಜಜ್ಜುತ್ತದೆ. ಸ್ವೀಡನ್ನಿನ ಮೋರಾ ಊರಿನ ಅಗ್ಗದ ಚೂರಿಗಳನ್ನು ನೋಡಿ: ತೆಳ್ಳಗಿವೆ, ಹಿಡಿಯ ಕೊನೆತನಕ ಉಕ್ಕೂ ಹೋಗುವುದಿಲ್ಲ, ಆದರೂ ಜಗತ್ತಿನ ಕಾಡುಗಳಲ್ಲೆಲ್ಲ ದುಡಿಯುತ್ತವೆ. ಬಾಯಿಯ ಇಳಿಜಾರು ಸರಿಯಾಗಿರುವುದೇ ಅದಕ್ಕೆ ಕಾರಣ. ಬೆನ್ನಿನಿಂದ ಬಾಯಿಯವರೆಗೆ ಬೆರಳು ಸವರಿಕೊಂಡು ಬನ್ನಿ. ಎಲ್ಲೂ ಮೆಟ್ಟಿಲು ಸಿಗದೆ ಸಪಾಟಾಗಿ ಇಳಿಯಬೇಕು.

4. ಉಕ್ಕಿನ ಹೆಸರಿಗಿಂತ ಹದ ದೊಡ್ಡದು

ಈ ಪಾಠಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು.

ನಮ್ಮ ಕಡೆ ಕಮ್ಮಾರರ ಕೈಗೆ ಸಿಗುವ ಒಳ್ಳೆಯ ಉಕ್ಕು ಅಂದರೆ ಗುಜರಿಯಿಂದ ಬರುವ ಲಾರಿ ಸ್ಪ್ರಿಂಗ್ ಪಟ್ಟಿ. ಬಗ್ಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ್ದು, ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ ಇರುವಂಥದ್ದು. ಹದ ಹಿಡಿಯುತ್ತದೆ, ಹೊಡೆತ ತಡೆಯುತ್ತದೆ. ಗೇಟು, ಕಿಟಕಿಯ ಕಬ್ಬಿಣದ ಪಟ್ಟಿಯಲ್ಲೂ ಚೂರಿ ಮಾಡಿ ಮಾರುವವರಿದ್ದಾರೆ. ಪತ್ತೆ ಹಚ್ಚುವುದು ಸುಲಭ: ತಿರುಗುವ ಸಾಣೆಗೆ ಹಿಡಿದಾಗ ಮೆದು ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಸುಮ್ಮನೆ ಹೋಗುತ್ತದೆ, ಇಂಗಾಲದ ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ನಿಮ್ಮ ಎದುರಿಗೇ ಒಮ್ಮೆ ಸಾಣೆ ಹಿಡಿಸಿ.

ಹಳೆಯ ಪಟ್ಟಿಗೆ ಒಂದು ಕಾಯಿಲೆಯಿದೆ. ಲಕ್ಷಾಂತರ ಕಿಲೋಮೀಟರ್ ಕುಲುಕಿದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಇರಬಹುದು. ಪಟ್ಟಿ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಬೇಕು. ಬಿರುಕು ಇದ್ದರೆ ಒಳಗಿಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಆ ತುಂಡು ಚೂರಿಗೆ ಬೇಡ.

ಇನ್ನು ಹದ. ಕಲ್ಯಾಣದುರ್ಗದ ಆ ಹಿರಿಯ ಕಮ್ಮಾರರು ಹದ ಹಾಕುವುದನ್ನು ನೋಡಲು ಮಧ್ಯಾಹ್ನದ ಬಿಸಿಲಿನಲ್ಲಿ ಹೋದರೆ ಆಗುವುದಿಲ್ಲ, ಬೆಳಕಿನಲ್ಲಿ ಉಕ್ಕಿನ ಕೆಂಪು ಕಣ್ಣಿಗೆ ಮೋಸ ಮಾಡುತ್ತದೆ ಅಂತ ಅವರು ಹೊತ್ತು ಇಳಿದ ಮೇಲೇ ಮಾಡುವುದು. ಅಲಗು ಕೆಂಪಗಾದಾಗ ಒಂದು ಹಳೇ ಸ್ಪೀಕರಿನ ಅಯಸ್ಕಾಂತ ತಾಗಿಸಿ ನೋಡುತ್ತಾರೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ತುಸುವೇ ಮುಂದೆ ಕಾಯಿಸಿ, ಬಾಯಿಯ ಭಾಗವನ್ನಷ್ಟೇ ಎಣ್ಣೆಯಲ್ಲಿ ಅದ್ದಿ ತೆಗೆಯುತ್ತಾರೆ. ಬೆನ್ನು ಇನ್ನೂ ಕಾದಿರುತ್ತದೆ. ಒಡೆದ ಸಾಣೆಕಲ್ಲಿನ ಚೂರಿನಿಂದ ಅಲಗಿನ ಮಗ್ಗುಲನ್ನು ಗರಗರ ತಿಕ್ಕಿ ಹೊಳಪು ತಂದು ಸುಮ್ಮನೆ ನೋಡುತ್ತ ಕೂರುತ್ತಾರೆ. ಬೆನ್ನಿನ ಕಾವು ಬಾಯಿಯ ಕಡೆ ಹರಿದಂತೆ ಹೊಳೆಯುವ ಉಕ್ಕಿನ ಮೇಲೆ ಬಣ್ಣ ಸಾಲಾಗಿ ನಡೆದು ಬರುತ್ತದೆ: ಮುಂದೆ ಒಣಹುಲ್ಲಿನ ಹಳದಿ, ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಹಳದಿಗೆ ಸುಮಾರು 220 ಡಿಗ್ರಿ, ನೀಲಿಗೆ 300ರ ಹತ್ತಿರ. ಹಳದಿ ದಾಟಿ ಕಂದು ಬಾಯಿಯನ್ನು ಮುಟ್ಟಿದ ಕ್ಷಣ ಇಡೀ ಚೂರಿ ಎಣ್ಣೆಯೊಳಗೆ. ಬಾಯಿ ಗಡುಸು, ಬೆನ್ನು ನೀಲಿಯಾಗಿ ಬಳುಕುವಂಥದ್ದು. ಹಳದಿಯಲ್ಲೇ ನಿಲ್ಲಿಸಿದರೆ ಬಂಡೆಗೆ ತಾಗಿದಾಗ ಬಾಯಿ ಚಕ್ಕೆ ಏಳುತ್ತದೆ. ನೀಲಿ ಬಾಯಿತನಕ ಬಂದರೆ ಜಾಲಿಗೆ ಬಡಿದಾಗ ಮಡಚಿಕೊಳ್ಳುತ್ತದೆ.

ಉಕ್ಕಿನ ಕೆಲಸ ಈ ಸೀಮೆಗೆ ಹೊಸದಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಿದಾಗ ಪಕ್ಕದ ಮಧುಗಿರಿ ಪ್ರಾಂತ್ಯದ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವುದನ್ನೂ ಮೂಸೆಯಲ್ಲಿ ಉಕ್ಕು ಮಾಡುವುದನ್ನೂ ವಿವರವಾಗಿ ಬರೆದಿದ್ದಾನೆ. ಆ ಒಲೆಗಳು ಆರಿವೆ. ಆದರೆ ಕಣ್ಣಿನಲ್ಲೇ ಹದ ಅಳೆಯುವವರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ಅವರನ್ನು ಹುಡುಕುವ ಶ್ರಮ ಆನ್‌ಲೈನ್ ವಿಮರ್ಶೆ ಓದುವ ಶ್ರಮಕ್ಕಿಂತ ಹೆಚ್ಚೇನಲ್ಲ.

ಕೊಂಡ ಚೂರಿಯ ಹದ ನೋಡಲು ಒಂದು ಅರ ಸಾಕು. ಬಾಯಿಯ ಮೇಲೆ ಅರ ಜಾರಿಹೋದರೆ ಅತಿ ಗಡುಸು, ಬೆಣ್ಣೆಯಂತೆ ಕಚ್ಚಿದರೆ ಮೆದು. ಕಷ್ಟಪಟ್ಟು ಸ್ವಲ್ಪವೇ ಕಚ್ಚಬೇಕು. ಅಲೆಅಲೆ ಗೆರೆಯ 'ಡಮಾಸ್ಕಸ್' ಚೂರಿಗಳನ್ನೂ ಹೀಗೆಯೇ ನೋಡಿ. ಗೆರೆಯನ್ನು ಆಮ್ಲದಿಂದ ಮೇಲೆ ಬರೆಯಲೂ ಬರುತ್ತದೆ.

5. ತುಕ್ಕಿನ ಹೆದರಿಕೆ ಅತಿ ಬೇಡ

ಸ್ಟೇನ್‌ಲೆಸ್ ತುಕ್ಕು ತಡೆಯುತ್ತದೆ, ಕರಾವಳಿಯವರಿಗೆ ಅದೇ ಸರಿ. ನಮ್ಮ ಒಣ ಗಾಳಿಯಲ್ಲಿ ಇಂಗಾಲದ ಉಕ್ಕು ಸುಖವಾಗಿರುತ್ತದೆ. ಹುಣಸೆಹಣ್ಣು, ಈರುಳ್ಳಿ ಮುಟ್ಟಿದರೆ ಕಪ್ಪಾಗುತ್ತದೆ. ಆ ಕಪ್ಪು ಇರಲಿ, ಅದು ತುಕ್ಕನ್ನು ತಡವಾಗಿಸುತ್ತದೆ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ. ಹೊಂಗೆ ಎಣ್ಣೆ ಬೇಡ, ಅದೇ ಚೂರಿಯಲ್ಲಿ ತರಕಾರಿ ಹೆಚ್ಚುತ್ತೀರಿ.

ಉಕ್ಕಿನದೇ ಇನ್ನೊಂದು ಮಾತು, ಬೆಂಕಿ ಹೊತ್ತಿಸುವುದು. ಹಳೇ ಕುರಿಗಾಹಿಗಳು ಚಕಮಕಿಗೆ ಗಡುಸು ಉಕ್ಕಿನ ತುಂಡನ್ನೇ ಇಟ್ಟುಕೊಳ್ಳುತ್ತಿದ್ದರು. ಚೂರಿಯ ನೀಲಿ ಬೆನ್ನು ಅದಕ್ಕೆ ಮೆದುವಾಯಿತು; ಆದರೂ ಬೆನ್ನಿನ ಅಂಚು ಚೂಪಾಗಿ, ಮೂಲೆ ಸವೆಯದೆ ಇದ್ದರೆ ಬೆಂಕಿಕಡ್ಡಿ ಒದ್ದೆಯಾದ ದಿನ ಕಿಡಿ ಕಾರುವ ಫೆರೋ ಕಡ್ಡಿಯನ್ನು ಅದರಿಂದಲೇ ಗೀರಬಹುದು.

6. ಹಿಡಿಯನ್ನು ಬೇಸಗೆಯಲ್ಲಿ ಪರೀಕ್ಷಿಸಿ

ಕುಡುಗೋಲಿಗೆ ಉಕ್ಕಿನ ಚೂಪು ಬಾಲವನ್ನು ಕಾಯಿಸಿ ಮರದೊಳಗೆ ಇಳಿಸಿ ಅರಗು ತುಂಬುತ್ತಾರೆ. ಹುಲ್ಲು ಕೊಯ್ಯಲು ಅದು ಸಾಕು. ಬೆನ್ನಿಗೆ ಬಡಿಯುವ ಚೂರಿಗೆ ಸಾಲದು. ಇಲ್ಲಿ ಏಪ್ರಿಲ್, ಮೇ ತಿಂಗಳ 40 ಡಿಗ್ರಿಯಲ್ಲಿ ಮರ ಒಣಗಿ ಕುಗ್ಗುತ್ತದೆ, ಹಿಡಿ ಲೊಡಲೊಡ ಅನ್ನುತ್ತದೆ. ಅಲಗಿನ ಉಕ್ಕು ಹಿಡಿಯ ಕೊನೆತನಕ ಅದೇ ಅಗಲದಲ್ಲಿ ಹೋಗಿ, ಎರಡು ಮಗ್ಗುಲಿಗೂ ಮರದ ಹಲಗೆ ಕೂತು, ಮೂರು ರಿವೀಟು ಬಿದ್ದಿರಲಿ. ಮರ ಹುಣಸೆಯದಾದರೂ ಸರಿ, ಬೀಟೆಯದಾದರೂ ಸರಿ, ಚೆನ್ನಾಗಿ ಒಣಗಿದ್ದಿರಬೇಕು. ಪೂರ್ತಿ ಲೋಹದ ಹಿಡಿಯನ್ನು ಬಿಸಿಲಿಗಿಟ್ಟು ಮುಟ್ಟಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಗಟ್ಟಿಯಾಗಿ ಹಿಡಿದಾಗ ಬೆರಳ ತುದಿ ಅಂಗೈಗೆ ಚುಚ್ಚಬಾರದು, ಅಂಗೈ ಹಿಡಿಯಿಂದ ಹೊರಗುಳಿಯಬಾರದು. ಬೆರಳು ಬಾಯಿಯ ಕಡೆ ಜಾರದ ಹಾಗೆ ಮುಂದೆ ಒಂದು ಉಬ್ಬು ಬೇಕೇಬೇಕು.

7. ಒರೆ

ಚೂರಿಗೆ ಸಾವಿರ ಕೊಡುವವರು ಒರೆಗೆ ನೂರು ಕೊಡಲು ಹಿಂದೆಮುಂದೆ ನೋಡುತ್ತಾರೆ. ತೊಗಲಿನ ಒರೆಯಾದರೆ ಹೊಲಿಗೆಯ ಒಳಗೆ ಇನ್ನೊಂದು ದಪ್ಪ ತೊಗಲಿನ ಪಟ್ಟಿ ಇರಬೇಕು, ಇಲ್ಲದಿದ್ದರೆ ಬಾಯಿ ದಾರವನ್ನೇ ಕೊಯ್ಯುತ್ತದೆ. ಇಲ್ಲಿನ ಅಗ್ಗದ ದಾರಿ ಬೋರ್‌ವೆಲ್ಲಿನದು: ಹೊಲದ ಬದುವಿನಲ್ಲಿ ಬಿದ್ದ ಪಿವಿಸಿ ಪೈಪಿನ ತುಂಡನ್ನು ಗಾಳಿಯಾಡುವ ಕಡೆ ಕೆಂಡದ ಮೇಲೆ ದೂರದಿಂದ ಕಾಯಿಸಿ, ಮೆತ್ತಗಾದಾಗ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಎರಡು ಹಲಗೆಯ ನಡುವೆ ಒತ್ತಿದರೆ ಅಚ್ಚುಕಟ್ಟಾದ ಒರೆ. ಸುಡಲು ಬಿಡಬೇಡಿ, ಹೊಗೆ ವಿಷ. ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಚೂರಿ ಬೀಳಬಾರದು. ಬಂಡೆ ಹತ್ತುವಾಗ ಕೂರುತ್ತೇವೆ, ತೆವಳುತ್ತೇವೆ, ಆಗ ಒರೆಯೇ ಕಾಯುವುದು.

8. ಎಲ್ಲಿಗೆ ಒಯ್ಯಬಾರದು

ಕಲ್ಯಾಣದುರ್ಗ, ರಾಯದುರ್ಗದ ಕಡೆಯವರು ಗುಡೇಕೋಟೆ ಕರಡಿಧಾಮಕ್ಕೋ ಜಗಳೂರಿನ ರಂಗಯ್ಯನದುರ್ಗಕ್ಕೋ ಹೋಗುವುದುಂಟು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 31ನೇ ಕಲಮಿನಂತೆ ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆಯ ಆಯುಧದ ವ್ಯಾಖ್ಯೆಯಲ್ಲಿ ಚಾಕುವೂ ಇದೆ, ಅಳತೆಯ ರಿಯಾಯಿತಿ ಇಲ್ಲ. ಚೂರಿ ಮನೆಯಲ್ಲೇ ಇರಲಿ. ಕರಡಿಯ ಕೈಗೆ ಚೂರಿ ಉತ್ತರವೂ ಅಲ್ಲ; ಕುಂದುರ್ಪಿ ಕಡೆ ಕರಡಿ ಇರುವ ಗುಡ್ಡಗಳಲ್ಲಿ ಕತ್ತಲಿಗೆ ಮುಂಚೆ ಇಳಿಯುವುದು, ಮಾತಾಡುತ್ತ ನಡೆಯುವುದು ಕೆಲಸಕ್ಕೆ ಬರುತ್ತದೆ. ರೈಲು, ಬಸ್ಸಿನಲ್ಲಿ ಚೂರಿ ಬ್ಯಾಗಿನ ತಳದಲ್ಲಿ, ಬಟ್ಟೆ ಸುತ್ತಿ. ಹಸಿ ಮರಕ್ಕೆ ಎಲ್ಲೂ ಕೈ ಹಾಕಬೇಡಿ.

9. ಮೊದಲು ಹಿತ್ತಲಲ್ಲಿ ದುಡಿಸಿ

ಹೊಸ ಚೂರಿಯನ್ನು ನೇರ ಗುಡ್ಡಕ್ಕೆ ಒಯ್ಯಬೇಡಿ. ಅಡುಗೆಮನೆಯಲ್ಲಿ ಒಂದು ವಾರ ಇರಲಿ, ಹಿತ್ತಲಲ್ಲಿ ಒಣ ಜಾಲಿ ತುಂಡನ್ನು ಬೆನ್ನಿಗೆ ಬಡಿದು ಸೀಳಿ. ಆಮೇಲೆ ಬಾಯಿಯನ್ನು ದೀಪದ ಕೆಳಗೆ ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ಚೂಪಾದ ಬಾಯಿ ಬೆಳಕನ್ನು ಹಿಂದಿರುಗಿಸುವುದಿಲ್ಲ; ಮಡಚಿದ ಅಥವಾ ಚಕ್ಕೆ ಹಾರಿದ ಜಾಗ ಮಿಣುಕುತ್ತದೆ. ಮಿಣುಕು ಒಂದೆರಡು ಕಡೆ ಇದ್ದರೆ ಕಲ್ಲಿನ ಮೇಲೆ ಮಸೆದು ಬಾಯಿಯನ್ನು ತುಸು ಮೊಂಡ ಕೋನಕ್ಕೆ, ಒಂದೊಂದು ಮಗ್ಗುಲಿಗೆ 20ರಿಂದ 25 ಡಿಗ್ರಿಗೆ ತನ್ನಿ. ಉದ್ದಕ್ಕೂ ಮಿಣುಕಿದರೆ ಕೋನದ ತಪ್ಪಲ್ಲ, ಹದದ್ದು. ಕುಲುಮೆಗೆ ವಾಪಸ್ ಒಯ್ಯಿರಿ. ಒಳ್ಳೆಯ ಕಮ್ಮಾರ ಮುಖ ಸಿಂಡರಿಸಿಕೊಂಡಾದರೂ ಮತ್ತೆ ಹದ ಹಾಕಿಕೊಡುತ್ತಾನೆ, ಅದಕ್ಕೆ ಕಾಸು ಕೇಳುವುದಿಲ್ಲ. ಪಾರ್ಸೆಲಿನಲ್ಲಿ ಬಂದ ಚೂರಿಗೆ ಆ ಅನುಕೂಲ ಇಲ್ಲ.