ಗಣಿಧೂಳಿನ ಸೀಮೆಯಲ್ಲಿ ಸೌರಫಲಕಗಳ ಪಾಲನೆ

ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ೧೯೦೨ನೆಯ ಇಸವಿಯಲ್ಲಿ ಬಂದಿತು. ಆ ಗಣಿಗಳು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟವು. ಆದರೆ ಅದುರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟು ಮಾತ್ರ ಚಾಂಪಿಯನ್ ರೀಫ್, ಮಾರಿಕುಪ್ಪಂ ಮೊದಲಾದ ಕಡೆಗಳಲ್ಲಿ ಇಂದಿಗೂ ಗುಡ್ಡಗಳಾಗಿ ನಿಂತಿರುವುದು. ಸೈನೈಡ್ ದಿಬ್ಬಗಳೆಂದು ಜನರು ಕರೆಯುವ ಇವುಗಳ ಧೂಳು ಬೇಸಗೆಯಲ್ಲಿಯೂ ಆಷಾಢದ ಗಾಳಿಯಲ್ಲಿಯೂ ಎದ್ದು ಸುತ್ತಣ ಮನೆಗಳ ಮೇಲೆ ಕುಳಿತುಕೊಳ್ಳುತ್ತದೆ. ಕೇಂದ್ರ ಸರ್ಕಾರದವರು ೨೦೨೪ನೆಯ ಇಸವಿ ಫೆಬ್ರವರಿಯಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ೩ ಕಿಲೋವ್ಯಾಟ್ ಫಲಕಗಳಿಗೆ ೭೮,೦೦೦ ರೂಪಾಯಿ ಸಹಾಯಧನವು ಗೊತ್ತಾಗಿದೆ. ಹಾಗೆ ಹಾಕಿಸಿದ ಫಲಕಗಳನ್ನು ಈ ಧೂಳಿನಿಂದ ಕಾಪಾಡುವ ಕ್ರಮವನ್ನು ಜಮೀನುದಾರರೂ ಗ್ರಾಮದ ಮುಖಂಡರೂ ತಿಳಿದಿರುವುದು ಅವಶ್ಯಕ.

ಗಣಿಧೂಳು ಹೊಲದ ಮಣ್ಣಿನಂಥದಲ್ಲ. ಇಲ್ಲಿಯ ಚಿನ್ನವು ಬೆಣಚುಕಲ್ಲಿನ ಎಳೆಗಳಲ್ಲಿ ಸಿಕ್ಕುತ್ತಿದ್ದುದರಿಂದ ಈ ಧೂಳಿನಲ್ಲಿ ಬೆಣಚಿನ ನುಣ್ಣನೆಯ ಹಿಟ್ಟು ಹೇರಳವಾಗಿರುತ್ತದೆ. ಬೆಣಚುಕಲ್ಲು ಗಾಜಿಗಿಂತ ಗಟ್ಟಿಯಾದುದು. ಫಲಕದ ಗಾಜಿನ ಮೇಲಾದರೋ ಬೆಳಕು ಹಿಂದಕ್ಕೆ ಚಿಮ್ಮದಂತೆ ಅತಿ ತೆಳುವಾದ ಲೇಪವೊಂದನ್ನು ಕೊಟ್ಟಿರುತ್ತಾರೆ. ಒಣ ಬಟ್ಟೆಯಿಂದ ಈ ಧೂಳನ್ನು ಒರೆಸುವುದೆಂದರೆ ಮರಳುಕಾಗದದಿಂದ ಗಾಜನ್ನು ಉಜ್ಜಿದಂತೆಯೇ ಸರಿ. ಧೂಳಿನಿಂದಾದ ನಷ್ಟವು ತೊಳೆದರೆ ತೀರುವುದು. ಗೀರಿನಿಂದಾದ ನಷ್ಟವು ಫಲಕವಿರುವವರೆಗೂ ತೀರದು. ಆದಕಾರಣ ಒಣಗಿದ ಫಲಕವನ್ನು ಪೊರಕೆಯಿಂದಾಗಲಿ ಬಟ್ಟೆಯಿಂದಾಗಲಿ ಎಂದಿಗೂ ಮುಟ್ಟಕೂಡದು. ಮೊದಲು ನೀರನ್ನು ಮೇಲ್ಗಡೆಯಿಂದ ನಿಧಾನವಾಗಿ ಹರಿಯಬಿಟ್ಟು ಧೂಳನ್ನು ಇಳಿಸಿ, ಆಮೇಲೆ ಉಳಿದುದನ್ನು ಮಾತ್ರ ಉದ್ದ ಹಿಡಿಯ ಮೃದುವಾದ ಕುಂಚದಿಂದಲೋ ನೆನೆದ ಸ್ಪಂಜಿನಿಂದಲೋ ತೆಗೆಯತಕ್ಕದ್ದು. ಬೂದಿ, ಇಟ್ಟಿಗೆಪುಡಿ, ತೆಂಗಿನ ನಾರು, ಬಟ್ಟೆ ಒಗೆಯುವ ಪುಡಿ ಇವು ಯಾವುವೂ ಬೇಡ.

ನೀರಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಈ ಸೀಮೆಯ ಆಳವಾದ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸು. ಅದು ಗಾಜಿನ ಮೇಲೆ ಆರಿದರೆ ಹಂಡೆಯೊಳಗೆ ಕಟ್ಟುವಂಥ ಬಿಳಿಯ ಹಕ್ಕಳೆ ಕಟ್ಟಿ, ಧೂಳಿಗಿಂತ ಹಟಮಾರಿಯಾಗುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ. ದಿಬ್ಬಗಳಿಗೆ ಸಮೀಪದ ಮನೆಯವರು ಮೊದಲ ಮಳೆಯನ್ನು ತೊಟ್ಟಿಗೆ ಬಿಡದೆ ಹೊರಕ್ಕೆ ಹರಿಸಬೇಕು. ಫಲಕ ತೊಳೆದ ನೀರನ್ನು ದನಗಳ ತೊಟ್ಟಿಗಾಗಲಿ ಸೊಪ್ಪಿನ ಮಡಿಗಾಗಲಿ ಸೇರಿಸಬಾರದು. ಕೊಳವೆಬಾವಿಯ ನೀರೇ ಗತಿಯಾದಲ್ಲಿ ಗಾಜಿನ ಮೇಲೆ ನೀರು ನಿಲ್ಲದಂತೆ ರಬ್ಬರು ಪಟ್ಟಿಯಿಂದ ಕೂಡಲೇ ಇಳಿಸಿಬಿಡಬೇಕು.

ಪಾರಿವಾಳ ಕಾಗೆಗಳ ಹಿಕ್ಕೆಯು ಅಲ್ಪವೆಂದು ತೋರುವುದು, ಆದರೆ ಅದರ ಕೇಡು ಹೆಚ್ಚು. ಫಲಕದೊಳಗಿನ ಬಿಲ್ಲೆಗಳು ಒಂದಕ್ಕೊಂದು ಸರಪಣಿಯಂತೆ ಜೋಡಿಸಲ್ಪಟ್ಟಿವೆ. ಕಾಲುವೆಗೆ ಒಂದೆಡೆ ಕಲ್ಲು ಅಡ್ಡಬಿದ್ದರೆ ಕೆಳಗಣ ಗದ್ದೆಗೆಲ್ಲಾ ನೀರು ಕಡಮೆಯಾಗುವಂತೆ, ಒಂದು ಬಿಲ್ಲೆ ಮುಚ್ಚಿದರೆ ಆ ಸಾಲಿನ ಪ್ರವಾಹವೇ ತಗ್ಗುವುದು. ಮುಚ್ಚಿದ ಬಿಲ್ಲೆಯು ಅತಿಯಾಗಿ ಕಾದು ಸುಟ್ಟುಹೋಗುವುದೂ ಉಂಟು. ಆದುದರಿಂದ ಹಿಕ್ಕೆಯನ್ನು ಕಂಡ ಮರುದಿನ ಬೆಳಿಗ್ಗೆಯೇ ಒದ್ದೆಬಟ್ಟೆಯಿಂದ ನೆನಸಿ ತೆಗೆಯಬೇಕು. ಕೆರೆದು ತೆಗೆಯಬಾರದು.

ತೊಳೆಯಲು ಸೂರ್ಯೋದಯದ ಸಮಯವೇ ತಕ್ಕದ್ದು. ಮಧ್ಯಾಹ್ನದಲ್ಲಿ ಕಾದ ಗಾಜಿಗೆ ತಣ್ಣೀರು ಸುರಿದರೆ ಗಾಜು ಸೀಳುವ ಸಂಭವವಿದೆ. ಇದಕ್ಕಿಂತ ಮುಖ್ಯವಾದುದು ಮತ್ತೊಂದು: ಇನ್ವರ್ಟರನ್ನು ಆರಿಸಿದರೂ ಬೆಳಕಿರುವವರೆಗೆ ಫಲಕಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಒಡೆದ ಗಾಜು, ಸುಲಿದ ತಂತಿ ಕಂಡುಬಂದರೆ ನೀರು ಹಾಕದೆ, ಕೈ ಹಚ್ಚದೆ, ತಿಳಿದ ಕೆಲಸಗಾರರನ್ನು ಕರೆಸತಕ್ಕದ್ದು. ತೊಳೆಯುವಾತನು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಲಿ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿಯನ್ನು ಗಣಿಕೆಲಸಗಾರರ ಮನೆತನಗಳಿಗೆ ಹೇಳಿಕೊಡಬೇಕಾದುದಿಲ್ಲ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬುದಕ್ಕೆ ಎಲ್ಲರಿಗೂ ಒಂದೇ ನಿಯಮ ಸಲ್ಲದು. ದಿಬ್ಬದ ಮಗ್ಗುಲಲ್ಲಿ ಗಾಳಿಯ ಕಾಲದಲ್ಲಿ ವಾರಕ್ಕೊಮ್ಮೆ, ಬಂಗಾರಪೇಟೆಯ ಕಡೆಯ ಹಳ್ಳಿಗಳಲ್ಲಿ ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕಾದೀತು. ಜೋರು ಮಳೆಯ ತಿಂಗಳಲ್ಲಿ ಮಳೆಯೇ ತೊಳೆಯುವುದು, ಆದರೆ ತುಂತುರು ಮಳೆಯು ಧೂಳನ್ನು ಕೆಸರುಮಾಡಿ ಅಂಟಿಸುತ್ತದೆ. ಇನ್ವರ್ಟರು ತೋರಿಸುವ ಯೂನಿಟ್ಟುಗಳನ್ನು ದಿನವೂ ಪುಸ್ತಕದಲ್ಲಿ ಬರೆದಿಡುವವನಿಗೆ ಯಾರನ್ನೂ ಕೇಳಬೇಕಾದುದಿಲ್ಲ. ೩ ಕಿಲೋವ್ಯಾಟ್ ಫಲಕಗಳು ಮೋಡವಿಲ್ಲದ ದಿನ ಸುಮಾರು ೧೨ ಯೂನಿಟ್ ಕೊಡುವುವು. ಅದು ೧೦ಕ್ಕೆ ಇಳಿದರೆ ತಿಂಗಳಿಗೆ ೬೦ ಯೂನಿಟ್ ನಷ್ಟ. ಇಳಿತವೆಲ್ಲಾ ಧೂಳಿನದೇ ಎಂದೂ ತಿಳಿಯಬಾರದು: ಫಲಕದ ಶಾಖವು ೨೫ ಡಿಗ್ರಿ ಸೆಂಟಿಗ್ರೇಡಿನಿಂದ ಮೇಲಕ್ಕೆ ಪ್ರತಿ ೧೦ ಡಿಗ್ರಿ ಏರಿದಂತೆ ಉತ್ಪತ್ತಿಯು ನೂರಕ್ಕೆ ಮೂರು ನಾಲ್ಕು ಭಾಗ ತಗ್ಗುವುದು ಸಹಜ. ತೊಳೆದ ಮರುದಿನವೂ ಲೆಕ್ಕ ಏರದಿದ್ದರೆ ಹೊಸದಾಗಿ ಬೆಳೆದ ತೆಂಗಿನ ಗರಿಯ ನೆರಳನ್ನೋ ಸಡಿಲವಾದ ತಂತಿಯನ್ನೋ ಹುಡುಕಬೇಕು.

ಹೊಸದಾಗಿ ಹಾಕಿಸುವವರು ಫಲಕಗಳನ್ನು ದಕ್ಷಿಣಕ್ಕೆ ಸುಮಾರು ೧೩ ಡಿಗ್ರಿ ಓರೆಯಾಗಿ, ಕೆಳಗೆ ಗಾಳಿಯಾಡುವಂತೆ ಇಡಿಸಲಿ. ಮಟ್ಟಸವಾಗಿ ಮಲಗಿಸಿದ ಫಲಕದಲ್ಲಿ ನೀರು ನಿಂತು ಕೆಳಗಣ ಅಂಚಿನಲ್ಲಿ ಕೆಸರು ಕಟ್ಟುವುದು. ಫಲಕಗಳ ನಡುವೆ ಒಬ್ಬನು ನಡೆಯುವಷ್ಟು ಹಾದಿಯನ್ನು ಬಿಡಿಸುವುದು ಮೇಲು. ಹಳೆಯ ಕಲ್ಲುಚಪ್ಪಡಿ ಮನೆಗಳ ಮೇಲೆ ಹತ್ತುವ ಮುನ್ನ ಚಪ್ಪಡಿ ಸೀಳಿದೆಯೇ ಎಂದು ಕೆಳಗಿನಿಂದ ನೋಡಬೇಕು. ಹೆಂಚು ಅಥವಾ ತಗಡಿನ ಮಾಡಾದರೆ ಮೇಲಕ್ಕೆ ಹತ್ತದೆ, ಮರದ ಅಥವಾ ನಾರುಗಾಜಿನ ಉದ್ದ ಹಿಡಿಯ ಕುಂಚದಿಂದ ಏಣಿಯ ಮೇಲೆ ನಿಂತೇ ತೊಳೆಯತಕ್ಕದ್ದು, ಏಣಿಯನ್ನು ಕೆಳಗೆ ಮತ್ತೊಬ್ಬರು ಹಿಡಿದಿರಬೇಕು. ಇಂಥ ಒಂದು ಕುಂಚವನ್ನು ನಾಲ್ಕಾರು ಮನೆಯವರು ಕೂಡಿ ಕೊಂಡಿಟ್ಟುಕೊಳ್ಳಬಹುದು.